ಹೆಸರು ಹೇಳದ ಹಾಡು ನಿಕೋಸಿಯಾಕ್ಕೆ ಹೋದದ್ದು

ಮುನಿರಾಬಾದ್

ನಮ್ಮ ಹಾಡು ಕೇಳಿಲ್ಲ ಅಂತ ಮಾತ್ರ ಹೇಳಬೇಡಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕರಲ್ಲಿ ಎಲ್ಲಾದರೂ ಇತ್ತೀಚೆಗೆ ಒಂದು ಮದುವೆಗೆ ಹೋಗಿದ್ದರೆ ಕೇಳಿಯೇ ಇರುತ್ತೀರಿ. ಭತ್ತದ ಟ್ರ್ಯಾಕ್ಟರಿನವರು ಹಾಕುತ್ತಾರೆ, ಸಿದ್ದಾಪುರದ ಅಕ್ಕಿ ಲಾರಿಯವರು ಹಾಕುತ್ತಾರೆ, ಮೆರವಣಿಗೆಯಲ್ಲಿ ಡಿಜೆಯವನು ಹಾಕದಿದ್ದರೆ ಅವನನ್ನು ಮನೆಗೆ ಹೋಗಗೊಡುವುದಿಲ್ಲ. ಬರೆದವಳು ನಾನು, ಮುನಿರಾಬಾದಿನ ನೀರಾವರಿ ಕಚೇರಿಯ ಗುಮಾಸ್ತೆ ನಿರ್ಮಲಾ. ಹಾಡಿದವಳು ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ ಗಂಗಕ್ಕ. ಕುಕನೂರು ಬಜಾರಿನಲ್ಲಿ ಅವಳ ಸೀರೆ ದುಕಾನ ಇದೆ. ಬಿ.ಎ. ಓದಿದವಳು, ಇಂಗ್ಲಿಷಿನಲ್ಲೂ ಚೌಕಾಸಿ ಮಾಡುತ್ತಾಳೆ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

ಹಾಡಿನ ಕಥೆ ನಮ್ಮ ಮನೆಯದೇ. ನಮ್ಮ ಕಡೆ ನಿಜಾಮನ ಆಳ್ವಿಕೆ ಇದ್ದಾಗ ತುಂಗಭದ್ರೆಯೇ ಗಡಿ. ಈ ದಂಡೆ ನಿಜಾಮನದು, ಆ ಹೊಸಪೇಟೆಯ ದಂಡೆ ಬೇರೆ ಸರಕಾರದ್ದು. ನಡುವೆ ಕರೋಡಗಿರಿ ನಾಕಾ, ಅಂದರೆ ಸುಂಕದ ಕಟ್ಟೆ, ಅಲ್ಲಿ ಬಂದೂಕು ಹಿಡಿದ ಜವಾನರು. ನಮ್ಮ ಗಂಡಂದಿರ ಅಜ್ಜ ನಿಜಾಮನ ವಿರುದ್ಧ ಬಾವುಟ ಹಾರಿಸಿ, ಹರಿಗೋಲಿನಲ್ಲಿ ಹೊಳೆ ದಾಟಿ ಆ ದಂಡೆಗೆ ಓಡಿದರು. ಅಜ್ಜಿ ಈ ದಂಡೆಯಲ್ಲಿ ಉಳಿದಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವಳು ಬಟ್ಟೆ ಒಗೆಯುವ ನೆಪದಲ್ಲಿ ಹೊಳೆಗೆ ಹೋಗಿ ಸೀರೆ ಜಾಡಿಸುವುದು, ಅವರು ಆಚೆ ಬಂಡೆಯ ಮೇಲೆ ನಿಂತು ನೋಡುವುದು, ಅಷ್ಟೇ ಸಂಸಾರ.

ಜವಾನರು ಮನೆಗೆ ಬಂದು, "ನಿನ್ನ ಗಂಡನ ಹೆಸರೇನು?" ಎಂದು ಗದರಿಸಿದರಂತೆ. ಅಜ್ಜಿ ತಲೆಯ ಮೇಲೆ ಸೆರಗು ಎಳೆದುಕೊಂಡು, "ನಮ್ಮಾಗ ಗಂಡನ ಹೆಸರ ಹೇಳಂಗಿಲ್ರಿ ಸಾಹೇಬ್ರ" ಅಂದಳಂತೆ. ಪಕ್ಕದ ಮನೆಗೆ ಹೋದರು, ಅಲ್ಲಿಯೂ ಅದೇ ಉತ್ತರ. ಅದರ ಪಕ್ಕದ ಮನೆಗೆ ಹೋದರು, ಅಲ್ಲಿಯೂ ಅದೇ. ಓಣಿಗೆ ಓಣಿಯೇ ಗಂಡಂದಿರ ಹೆಸರು ಹೇಳದ ಹೆಂಗಸರು! ಯಾವ ಮನೆಯ ಗಂಡಸು ಹೊಳೆ ದಾಟಿದ್ದಾನೆ ಅನ್ನುವುದು ಅವರಿಗೆ ಗೊತ್ತಾಗಲೇ ಇಲ್ಲ. ಅಜ್ಜ ಕೊನೆಗೆ ಕ್ಷೇಮವಾಗಿ ಮರಳಿ ಬಂದರು ಅನ್ನಿ. ಈ ಕಥೆ ಹೇಳುವಾಗ ನನಗೆ ಈಗಲೂ ಎದೆ ಉಬ್ಬುತ್ತದೆ.

ಅದನ್ನೇ ನಾನು ಹಾಡು ಮಾಡಿದೆ.

ಹೆಸರ ಕೇಳಬ್ಯಾಡ್ರಿ ನಾಕಾದ ಜವಾನರ,
ಹೊಳಿ ಆಚಿ ದಂಡ್ಯಾಗ ಕುಂತಾನ;
ನಾ ಸೀರಿ ಜಾಡಿಸಿದರ ಈ ದಂಡ್ಯಾಗ
ಹಣಿಗಿ ಕೈ ಹಚ್ಚಿ ನಿಂತಾನ,
ಅಂವ ಯಾರಂದ್ರ...

ಅಲ್ಲಿಗೆ ಡೋಲು, ಕೀಬೋರ್ಡು ಎಲ್ಲ ಬಂದ್. ಗಂಗಕ್ಕ ಹೆಸರು ಹೇಳುವುದಿಲ್ಲ. ಮದುವೆ ಮನೆಯಲ್ಲಾದರೆ ಆ ಖಾಲಿ ಜಾಗದಲ್ಲಿ ಜನರೇ ಮದುಮಗನ ಹೆಸರು ಕೂಗುತ್ತಾರೆ, ಮತ್ತೆ ಡೋಲು ಬೀಳುತ್ತದೆ. ಕುಷ್ಟಗಿಯ ಒಂದು ಮದುವೆಯಲ್ಲಿ ಅರವತ್ತು ದಾಟಿದ ಹೆಂಗಸೊಬ್ಬಳು ಎದ್ದು ನಿಂತು ತನ್ನ ಗಂಡನ ಹೆಸರು ಕೂಗಿಬಿಟ್ಟಳು. ಗಂಡ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದವನು ಎಲೆ ಬಿಟ್ಟು ಎದ್ದು ಓಡಿದ.

ಸೈಪ್ರಸ್ ಅನ್ನುವ ದ್ವೀಪದಿಂದ ಎಲೆನಿ ಎಂಬ ಹೆಂಗಸು ಈ ಹಾಡಿನ ವಿಡಿಯೋ ನೋಡಿ ನಮ್ಮನ್ನು ಕರೆಸಿಕೊಂಡಳು. ಗಡಿಯಲ್ಲಿ ಬದುಕುವ ಜನರ ಹಾಡುಗಳದೊಂದು ಮೇಳವನ್ನು ಅವಳು ಪ್ರತಿವರ್ಷ ಮಾಡುತ್ತಾಳಂತೆ. ಇಬ್ಬರೇ ಹೆಂಗಸರು ಹೊರಟೆವು. ಗಂಡಂದಿರಲ್ಲಿ ಒಬ್ಬರಿಗೆ ದುಕಾನ, ಇನ್ನೊಬ್ಬರಿಗೆ ಎಮ್ಮೆ ಒಪ್ಪಿಸಿದೆವು.

ಲಾರ್ನಾಕಾ

ವಿಮಾನ ಇಳಿದ ಮೇಲೆ ಎರಡು ಸಂಕಟ. ಒಂದು ಕಟಕ ರೊಟ್ಟಿಯದು. ಗಂಗಕ್ಕ ಎರಡು ಪೇರಿಕೆ ಸಜ್ಜೆ ರೊಟ್ಟಿ ತಂದಿದ್ದಳು. ಸಾಮಾನು ತಪಾಸಣೆಯ ಹುಡುಗಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು, ಉಗುರಿನಿಂದ ಬಡಿದಳು, ಟಣ್ ಅಂತು. ಇದು ಗೋಡೆಗೆ ತೂಗುಹಾಕುವ ವಸ್ತುವೇ ಎಂದು ಕೇಳಿದಳು.

"ತಿನ್ನೂದವಾ ಇದು," ಎಂದು ಗಂಗಕ್ಕ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಕಟಂಕಟಂ ಕಡಿದು ತೋರಿಸಿದಳು. ಆ ಹುಡುಗಿಯ ಕೈಗೂ ಒಂದು ಚೂರು ಇಟ್ಟಳು. ಪಾಪ, ಅವಳು ಹೆದರಿ ಹೆದರಿ ಕಡಿದಳು. ಆಮೇಲೆ ಇನ್ನೊಂದು ಚೂರು ಕೇಳಿದಳು.

ಇನ್ನೊಂದು, ಅದಕ್ಕೂ ಮುಂಚಿನದು, ಪಾಸ್‌ಪೋರ್ಟಿನ ಅಧಿಕಾರಿಯದು. ಮದುವೆಯಾಗಿದೆಯೇ ಎಂದು ಗಂಗಕ್ಕನನ್ನು ಕೇಳಿದ. ಆಗಿದೆ ಅಂದಳು. ಗಂಡನ ಹೆಸರು? ಗಂಗಕ್ಕ ಬಾಯಿ ಹೊಲಿದುಕೊಂಡು ನನ್ನ ಮುಖ ನೋಡಿದಳು. ನಾನು ಹೇಳಬಹುದಿತ್ತು, ಆದರೆ ಅವರು ನನ್ನ ಭಾವ, ಹಿರಿಯರು. ನನ್ನ ಬಾಯಿಂದಲೂ ಬರಲಿಲ್ಲ. ಇಬ್ಬರು ಹೆಂಗಸರಿಗೂ ಒಬ್ಬ ಗಂಡಸಿನ ಹೆಸರು ಗೊತ್ತಿಲ್ಲ ಅಂದರೆ ಯಾವ ಅಧಿಕಾರಿಗೆ ಅನುಮಾನ ಬರುವುದಿಲ್ಲ? ಅವನ ಹುಬ್ಬು ಮೇಲಕ್ಕೇರಿತು. ಗಂಗಕ್ಕ ಪಾಸ್‌ಪೋರ್ಟಿನ ಕೊನೆಯ ಹಾಳೆ ತೆಗೆದು, ಅಲ್ಲಿ ಅಚ್ಚಾಗಿದ್ದ ಹೆಸರಿನ ಮೇಲೆ ಬೆರಳಿಟ್ಟು, "ಓದ್ಕೊಳ್ರಿ, ಅಲ್ಲೇ ಐತಲ್ಲ" ಅಂದಳು. ಅವನು ಜೋರಾಗಿ ಓದಿದ. ಅವನ ಬಾಯಲ್ಲಿ ನಮ್ಮ ಭಾವನವರ ಹೆಸರು ಎಷ್ಟು ತಿರುಚಿಕೊಂಡಿತೆಂದರೆ ಗಂಗಕ್ಕ ನಾಚುವುದನ್ನೇ ಮರೆತು ನಕ್ಕಳು. ಇಲ್ಲಿ ಆ ಹೆಸರು ಬರೆದರೆ ನನ್ನನ್ನು ಅವಳು ಬಿಡುವುದಿಲ್ಲ, ಅದಕ್ಕೆ ಬರೆದಿಲ್ಲ.

ನಿಕೋಸಿಯಾ, ಬೀದಿಯ ತುದಿ

ಎಲೆನಿ ಹೆಗಲಮೇಲೆ ಶಾಲು ಹೊದ್ದ ಎತ್ತರದ ಹೆಂಗಸು, ಮಾತಾಡುವಾಗ ಎರಡೂ ಕೈ ಬೇಕು. ಮರುದಿನ ಬೆಳಿಗ್ಗೆ ನಮ್ಮನ್ನು ಊರು ತೋರಿಸಲು ಕರೆದುಕೊಂಡು ಹೋದಳು. ಬೀದಿ ನಮ್ಮ ಗಂಗಾವತಿಯ ಬಜಾರಿನಷ್ಟೇ ಗಿಜಿಗಿಜಿ, ಆದರೆ ಹಾರ್ನಿನ ಸದ್ದಿಲ್ಲ. ಚಪ್ಪಲಿ ಅಂಗಡಿ, ಐಸ್‌ಕ್ರೀಂ ಅಂಗಡಿ, ನಡುವೆ ಕಿತ್ತಳೆಯಂಥ ಹಣ್ಣಿನ ಗಿಡಗಳು. ಕೆಳಗೆ ಹಣ್ಣು ಬಿದ್ದು ಉರುಳುತ್ತಿದ್ದರೂ ಯಾರೂ ಆರಿಸುವುದಿಲ್ಲ. ಗಂಗಕ್ಕ ತಡೆಯಲಾರದೆ ಒಂದನ್ನು ಸುಲಿದು ಬಾಯಿಗಿಟ್ಟಳು. ಮುಖ ಕಿವುಚಿ ಉಗುಳಿ, "ಎವ್ವಾ, ವಿಷ ಕಹಿ! ಉಪ್ಪು ಖಾರ ಹಚ್ಚಿದ್ರ ಉಪ್ಪಿನಕಾಯಿಗೆ ಛಲೋ ಆಕ್ಕಿತ್ತು" ಅಂದಳು. ನಾಲ್ಕು ಹಣ್ಣು ಚೀಲಕ್ಕೆ ಹಾಕಿಕೊಂಡಳು.

ಮುದುಕರು ಹೋಟೆಲಿನ ಮುಂದೆ ಕೂತು ಕೈಯಲ್ಲಿ ಮಣಿಸರ ತಿರುಗಿಸುತ್ತಿದ್ದರು. ನಾವು ಜಪ ಅಂತ ತಿಳಿದು ಗೌರವದಿಂದ ದೂರ ನಿಂತೆವು. ಎಲೆನಿ ನಕ್ಕಳು. ಜಪವಲ್ಲವಂತೆ, ಸುಮ್ಮನೆ ಕೈಗೆ ಕೆಲಸವಂತೆ. ಚಿಕ್ಕ ಬಟ್ಟಲಿನಲ್ಲಿ ಕಾಫಿ ಬಂತು. ಗಂಗಕ್ಕ ನಮ್ಮ ಪದ್ಧತಿಯಂತೆ ತಳದವರೆಗೆ ಕುಡಿದು ಬಾಯಿ ತುಂಬ ಕಾಫಿಪುಡಿಯ ಗಷ್ಟು ತುಂಬಿಕೊಂಡು ಒದ್ದಾಡಿದಳು. "ಸೋಸಂಗಿಲ್ಲೇನ್ರಿ ನೀವು?" ಎಂದು ಸೆರಗಿನಿಂದ ನಾಲಿಗೆ ಒರೆಸಿಕೊಂಡಳು. ಈ ಕಾಫಿಗೆ ಈ ಕಡೆಯವರು ಒಂದು ಹೆಸರು ಹೇಳುತ್ತಾರೆ, ಬೀದಿಯ ಆ ತುದಿಯವರು ಇನ್ನೊಂದು ಹೆಸರು ಹೇಳುತ್ತಾರೆ, ಗಷ್ಟು ಮಾತ್ರ ಒಂದೇ.

ಬೀದಿಯ ಆ ತುದಿ ಅಂದೆನಲ್ಲ, ಅದೇ ಗಡಿ. ಒಂದೇ ದ್ವೀಪ, ಒಂದೇ ಊರು. ಈ ಕಡೆ ಗ್ರೀಕ್ ಮಾತಾಡುವವರು, ಆ ಕಡೆ ಟರ್ಕಿಶ್ ಮಾತಾಡುವವರು. ಹಿಂದೆ ಅಕ್ಕಪಕ್ಕದ ಮನೆಯವರಾಗಿದ್ದವರು ಜಗಳ, ಯುದ್ಧ ಎಲ್ಲ ಆಗಿ ಬೇರೆಯಾದರು. ಎಷ್ಟೋ ವರ್ಷ ದಾಟುವುದೇ ಸಾಧ್ಯವಿರಲಿಲ್ಲವಂತೆ. ಈಗ ಪೊಲೀಸಿನ ಒಂದು ಗೂಡು, ನಡುವೆ ಹೂವಿನ ಕುಂಡಗಳಿಟ್ಟ ಸ್ವಲ್ಪ ದಾರಿ, ಅಲ್ಲಿ ಇನ್ನೊಂದು ಗೂಡು. ಜನ ಚೀಟಿ ತೋರಿಸಿ ಹೋಗುತ್ತಾರೆ, ಬರುತ್ತಾರೆ. ಪಕ್ಕದ ಗಲ್ಲಿಯಲ್ಲಿ ಮಾತ್ರ ಮರಳಿನ ಚೀಲ ಪೇರಿಸಿದ ಹಳೆಯ ಮನೆಗಳು ಹಾಗೇ ನಿಂತಿವೆ. ಒಂದು ಮನೆಯ ಬಾಲ್ಕನಿಯಲ್ಲಿ ಒಣಹುಲ್ಲು ಬೆಳೆದಿತ್ತು.

ನಮ್ಮ ವೀಸಾ ಒಂದೇ ಸಲ ಒಳಗೆ ಬರುವಂಥದ್ದು. ಆಚೆ ಕಾಲಿಟ್ಟರೆ ಮರಳಿ ಬರುವಾಗ ತೊಂದರೆಯಾದೀತು ಎಂದು ಎಲೆನಿ ತಡೆದಳು. ಹೀಗೆ ನಾವೂ ಈ ದಂಡೆಯಲ್ಲೇ ಉಳಿದೆವು. ನಾನು ವಾರಕ್ಕೊಮ್ಮೆ ತರಕಾರಿಗೆಂದು ಹೊಸಪೇಟೆಗೆ ಹೋಗುತ್ತೇನೆ. ಸೇತುವೆ ದಾಟುವಾಗ ಕಿಟಕಿಯಿಂದ ಹೊರಗೆ ನೋಡುವುದೂ ಇಲ್ಲ, ಮೊಬೈಲು ನೋಡುತ್ತಿರುತ್ತೇನೆ. ಅಜ್ಜಿಗೆ ಬಂದೂಕು ಅಡ್ಡ ಇದ್ದ ಅದೇ ಹೊಳೆ ಅದು! ಆ ಗೂಡಿನ ಮುಂದೆ ನಿಂತು ನಾನು ಮೊದಲ ಸಲ ಆಚೆ ದಂಡೆಯನ್ನು ಕಣ್ಣಿಟ್ಟು ನೋಡಿದೆ.

ತಾಲೀಮು

ಹಾಡಿನ ಸಂಗೀತವನ್ನು ಮೊದಲೇ ಕಳಿಸಿದ್ದೆವು. ಅದನ್ನು ಹಾಕುವವಳು ಎಮಿನೆ, ಆಚೆ ಕಡೆಯವಳು. ದಿನಾ ಬೆಳಿಗ್ಗೆ ಚೀಟಿ ತೋರಿಸಿ ಈ ಕಡೆ ಬಂದು, ಸಂಜೆ ಆ ಕಡೆ ಮನೆಗೆ ಹೋಗುತ್ತಾಳೆ. ಕೂದಲು ಗಿಡ್ಡ, ಮಾತು ಕಡಿಮೆ, ಕಿವಿಗೆ ಸದಾ ಹೆಡ್‌ಫೋನು.

ಗಂಗಕ್ಕ ಕಣ್ಣು ಮುಚ್ಚಿ ಹಾಡಿದಳು. "ಅಂವ ಯಾರಂದ್ರ" ಅನ್ನುತ್ತಲೇ, ನಿಲ್ಲಬೇಕಾದ ಡೋಲು ನಿಲ್ಲಲಿಲ್ಲ! ಡುಬುಡುಬು ಅಂತ ಮುಂದಿನ ನುಡಿಗೆ ಹೋಗಿಯೇಬಿಟ್ಟಿತು. ಖಾಲಿ ಜಾಗ ಮಾಯ. ಎಮಿನೆ ಬಹಳ ಸಂತೋಷದಿಂದ ಹೇಳಿದಳು: ನಿಮ್ಮ ಸಂಗೀತದಲ್ಲಿ ಮೂರು ಕಡೆ ಸದ್ದು ಹೋಗಿತ್ತು, ರಾತ್ರಿಯೆಲ್ಲ ಕೂತು ಸರಿ ಮಾಡಿದ್ದೇನೆ.

"ಸರಿ ಮಾಡ್ಯಾಳಂತ! ಹಾಡಿನ ಜೀವಾನ ತಗದು ಒಗದಾಳಲ್ಲವಾ ಈಕಿ!" ಎಂದು ಗಂಗಕ್ಕ ಮೈಕು ಕೆಳಗಿಟ್ಟಳು.

ನಾನು ಎಲೆನಿಗೆ ಇಂಗ್ಲಿಷಿನಲ್ಲಿ ಅಜ್ಜಿಯ ಕಥೆಯನ್ನೆಲ್ಲ ಹೇಳಿದೆ. ಅವಳಿಗೆ ಅರ್ಥವಾಯಿತು, ಕಣ್ಣಲ್ಲಿ ನೀರೂ ಬಂತು. ಆದರೂ ಅವಳ ಚಿಂತೆ ಬೇರೆ. ಇಲ್ಲಿಯ ಜನಕ್ಕೆ ಆ ಜಾಗದಲ್ಲಿ ಕೂಗಬೇಕೆಂದು ಗೊತ್ತಿಲ್ಲ. ಸದ್ದು ಕೆಟ್ಟಿದೆ ಎಂದು ಎದ್ದು ಹೋಗುತ್ತಾರೆ. ಮೇಳದ ಹಾಡುಗಳನ್ನೆಲ್ಲ ಸೇರಿಸಿ ಆಲ್ಬಮ್ ಮಾಡುತ್ತಿದ್ದೇವೆ, ಅದರಲ್ಲಿ ಹೀಗೆ ತೂತು ಬಿದ್ದ ಹಾಡು ಹೇಗೆ ಹಾಕಲಿ? ಒಂದು ಹೆಸರು ಹಾಕಿಬಿಡಿ. ನಿಮ್ಮ ಅಜ್ಜನ ಹೆಸರನ್ನೇ ಹಾಕಿ, ಎಷ್ಟು ಚೆನ್ನಾಗಿರುತ್ತದೆ.

ನಿಜ ಹೇಳುತ್ತೇನೆ, ನನಗೂ ಹೆದರಿಕೆಯಾಯಿತು. ಅಷ್ಟು ದೂರ ಹೋಗಿ ಎಲ್ಲರ ಮುಂದೆ ಮುಖಭಂಗವಾದರೆ? "ಅಕ್ಕಾ, ಇದೊಂದು ಸಲ ಹೇಳಿಬಿಡೂಣು. ಇಲ್ಲಿ ನಮ್ಮವ್ರು ಯಾರು ಕೇಳ್ತಾರ?" ಅಂದೆ.

ಗಂಗಕ್ಕ ನನ್ನ ಕಡೆ ತಿರುಗಿದಳು. "ಬಂದೂಕು ಹಿಡಕೊಂಡು ಬಂದವ್ರಿಗೆ ಅಜ್ಜಿ ಹೇಳಲಿಲ್ಲ. ಕಾಫಿ ಕುಡಿಸಿದವ್ರಿಗೆ ನಾ ಹೇಳ್ಲೇನು? ಸೆರಗು ಕತ್ತರಿಸಿ ಇಟ್ಟು ಇದೂ ಸೀರಿ ಅಂತ ಮಾರೂ ಪೈಕಿ ಅಲ್ಲ ನಾನು. ಹೇಳು ಅವ್ರಿಗೆ."

ಹೇಳಿದೆ. ಕೊನೆಗೆ ಒಂದು ಒಪ್ಪಂದವಾಯಿತು. ಸಂಜೆ ಜನರ ಮುಂದೆ ಹಾಡು ನಮ್ಮ ರೀತಿಯಲ್ಲೇ ಹಾಡುವುದು. ಖಾಲಿ ಜಾಗ ಅಲ್ಲಿ ನಿಂತರೆ, ಅಂದರೆ ಜನ ಎದ್ದು ಹೋಗದಿದ್ದರೆ, ಆಲ್ಬಮ್ಮಿನಲ್ಲೂ ನಿಲ್ಲುತ್ತದೆ. ನಿಲ್ಲದಿದ್ದರೆ ಎಮಿನೆ ಅಲ್ಲಿ ಡೋಲು ತುಂಬುತ್ತಾಳೆ, ನಾವು ಬಾಯಿ ಮುಚ್ಚಿಕೊಂಡು ಒಪ್ಪಬೇಕು.

"ಆಗ್ಲಿ ತಗೋ," ಅಂದಳು ಗಂಗಕ್ಕ. ಆದರೆ ಮಧ್ಯಾಹ್ನ ಊಟದಲ್ಲಿ ಅವಳು ರೊಟ್ಟಿಯನ್ನು ಮುಟ್ಟಲಿಲ್ಲ. ಅವಳು ಊಟ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಂಜೆ

ವೇದಿಕೆ ಅಂದರೆ ಎರಡು ಹಲಗೆಯ ಎತ್ತರ, ಪೊಲೀಸಿನ ಗೂಡಿನಿಂದ ಸ್ವಲ್ಪವೇ ಈಚೆಗೆ, ಬೀದಿಯ ಒಂದು ಬದಿಗೆ. ಕುರ್ಚಿಗಳಲ್ಲಿ ಒಂದಷ್ಟು ಜನ, ಹೋಟೆಲಿನ ಮೇಜುಗಳಲ್ಲಿ ಒಂದಷ್ಟು ಜನ, ಗಡಿ ದಾಟಿ ಬರುವವರು ಹೋಗುವವರು ಮತ್ತೊಂದಷ್ಟು. ಗಂಗಕ್ಕ ಹಸಿರು ಇಳಕಲ್ಲ ಸೀರೆ ಉಟ್ಟು, ಕೈ ತುಂಬ ಬಳೆ ಹಾಕಿಕೊಂಡಿದ್ದಳು. ನನ್ನ ಕೈಯಲ್ಲಿ ತಾಳ, ಸೊಲ್ಲು ಎತ್ತುವುದು ನನ್ನ ಕೆಲಸ. ಎಲೆನಿ ಹಾಡಿನ ಅರ್ಥವನ್ನು ಎರಡು ಮಾತಿನಲ್ಲಿ ಹೇಳಿ ಕೂತಳು.

ಡೋಲು ಬಿದ್ದದ್ದೇ ಜನರ ಕಾಲು ಕುಣಿಯತೊಡಗಿದವು. ನನಗೆ ಧೈರ್ಯ ಬಂತು. ಮೊದಲ ನುಡಿ ಮುಗಿಯಿತು. "ಅಂವ ಯಾರಂದ್ರ..."

ಏನೂ ಇಲ್ಲ. ಹೋಟೆಲಿನಲ್ಲಿ ಒಂದು ಚಮಚ ಬಿದ್ದ ಸದ್ದು ಕೇಳಿಸಿತು. ಡೋಲು ಮತ್ತೆ ಶುರುವಾಯಿತು. ಎರಡನೆಯ ನುಡಿಯ ಕೊನೆಗೆ ಹಾಡು ಮುಗಿಯಿತೆಂದು ಯಾರೋ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಇಬ್ಬರು ಎದ್ದು ಹೊರಟರು. ನನ್ನ ಕೈಯ ತಾಳ ತಪ್ಪಿತು. ಎಲೆನಿ ನನ್ನ ಕಣ್ಣು ತಪ್ಪಿಸಿ ನೆಲ ನೋಡುತ್ತಿದ್ದಳು. ಇನ್ನು ಉಳಿದಿದ್ದು ಒಂದೇ ನುಡಿ. ಮುಗಿಯಿತು ನಮ್ಮ ಕಥೆ ಅಂದುಕೊಂಡೆ.

ಮೂರನೆಯ ನುಡಿ ಹಾಡುತ್ತ ಹಾಡುತ್ತ ಗಂಗಕ್ಕ ವೇದಿಕೆ ಇಳಿದಳು. ಎಲ್ಲಿಗೆ ಹೊರಟಳಪ್ಪಾ ಇವಳು ಎಂದು ನಾನು ಕತ್ತು ಚಾಚಿದೆ. ಬೀದಿಯ ನಡುವೆ ಹೋದಳು. ಗಡಿ ದಾಟಿ ಬರುವವರ ಎದುರಿಗೆ ನಿಂತು, ಎರಡೂ ಕೈ ಅಗಲಿಸಿ ದಾರಿಗೆ ಅಡ್ಡ ಹಾಕಿದಳು. "ಅಂವ ಯಾರಂದ್ರ..." ಡೋಲು ನಿಂತಿತು. ಗಂಗಕ್ಕನೂ ನಿಂತಳು, ಅಲ್ಲಾಡಲಿಲ್ಲ.

ಆಗ ನನಗೆ ಹೊಳೆಯಿತು. ನಮ್ಮಲ್ಲಿ ಹೊಸ ಸೊಸೆ ಮನೆ ತುಂಬುವಾಗ ನಾದಿನಿಯರು ಹೀಗೇ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡನ ಹೆಸರು ಹೇಳಿದರೆ ಒಳಗೆ, ಇಲ್ಲದಿದ್ದರೆ ಹೊರಗೇ ನಿಲ್ಲಬೇಕು. ಗಂಡನೂ ಹೆಂಡತಿಯ ಹೆಸರು ಹೇಳಬೇಕು. ಜವಾನ ಕೇಳಿದರೆ ಹೇಳಬಾರದ ಹೆಸರನ್ನು ನಾದಿನಿ ಕೇಳಿದರೆ ಹೇಳಲೇಬೇಕು. ಗಂಗಕ್ಕ ಬೀದಿಗೆ ಬೀದಿಯನ್ನೇ ನಮ್ಮ ಮನೆಯ ಹೊಸ್ತಿಲು ಮಾಡಿಕೊಂಡು ನಿಂತಿದ್ದಳು.

ಗೂಡಿನ ಪೊಲೀಸಿನವನು ಎದ್ದು ನಿಂತ. ನಾನು ವೇದಿಕೆಯಿಂದಲೇ ಎಲೆನಿಗೆ ಕೂಗಿದೆ: "ಅವಳಿಗೆ ಹೆಸರು ಬೇಕು! ಪ್ರೀತಿಸಿದವರ ಹೆಸರು! ಹೇಳಿದರೆ ಬಿಡುತ್ತಾಳೆ!" ಎಲೆನಿ ಒಂದು ಮೈಕು ಹಿಡಿದು ಓಡಿದಳು, ಗ್ರೀಕಿನಲ್ಲಿ ಹೇಳಿದಳು. ಎಮಿನೆ ಯಂತ್ರದ ಮೇಲೆ ಬೆರಳಿಟ್ಟು ಡೋಲನ್ನು ಹಿಡಿದಿಟ್ಟು, ತಾನೂ ಟರ್ಕಿಶಿನಲ್ಲಿ ಕೂಗಿ ಹೇಳಿದಳು. ಎದುರಿಗೆ ಸೈಕಲ್ ಹಿಡಿದು ಬರುತ್ತಿದ್ದ ಹುಡುಗಿಯೊಬ್ಬಳು ಗಂಗಕ್ಕನ ಕೈ, ಬಳೆ, ಮುಖ ನೋಡಿ ಗೊಳ್ಳನೆ ನಕ್ಕಳು. "ನಿಕೋಸ್!" ಎಂದು ಕೂಗಿದಳು. ಎಮಿನೆ ಬೆರಳು ಬಿಟ್ಟಳು, ಡೋಲು ಧಡ್ ಅಂತ ಬಿತ್ತು. "ನಿಕೋಸ್!" ಎಂದು ಗಂಗಕ್ಕ ಕುಕನೂರಿಗೆ ಕೇಳುವಂತೆ ಕೂಗಿ ದಾರಿ ಬಿಟ್ಟಳು. ಜನವೆಲ್ಲ ಹೋ ಎಂದಿತು.

ಮತ್ತೆ ಕೈ ಅಗಲಿಸಿದಳು. ಆಮೇಲೆ ಕೇಳಬೇಡಿ! ಹೊರಟಿದ್ದ ಇಬ್ಬರು ಮರಳಿ ಬಂದು ಸಾಲಿನಲ್ಲಿ ನಿಂತರು. ಒಬ್ಬಳು "ಮೆಹ್ಮೆತ್" ಅಂದಳು, ಒಬ್ಬ "ಸೋಫಿಯಾ" ಅಂದ. ಒಬ್ಬ ಯುವಕ ಎರಡು ಹೆಸರು ಹೇಳಿ ಪಕ್ಕದಲ್ಲಿದ್ದ ಹುಡುಗಿಯಿಂದ ಬೆನ್ನಿಗೆ ಗುದ್ದು ತಿಂದ. ಪೊಲೀಸಿನವನು ಗೂಡಿನಿಂದ ತನ್ನ ಹೆಂಡತಿಯ ಹೆಸರು ಕೂಗಿ ಮತ್ತೆ ಕೂತ. ನನಗೆ ತಾಳ ಹಾಕಿ ಹಾಕಿ ಅಂಗೈ ಉರಿಯುತ್ತಿತ್ತು. ನಮ್ಮ ಹಾಡು, ನಮ್ಮೂರ ಓಣಿಯ ಹೆಂಗಸರ ಹಾಡು, ನೋಡ್ರಪ್ಪಾ ಇದು ಎಂದು ಎಲ್ಲರ ಕೊರಳಪಟ್ಟಿ ಹಿಡಿದು ಹೇಳಬೇಕೆನಿಸಿತು.

ಅಷ್ಟರಲ್ಲಿ ಆಚೆ ಕಡೆಯಿಂದ ಒಬ್ಬ ಮುದುಕ ಬಂದ. ಎಂಬತ್ತರ ಆಸುಪಾಸು, ತಲೆಗೆ ಟೋಪಿ, ಕೈಚೀಲದಲ್ಲಿ ಬ್ರೆಡ್ಡು. ಗಂಗಕ್ಕನ ಕೈ ಅಡ್ಡ ಬಂದದ್ದಕ್ಕೆ ಗಾಬರಿಯಾಗಿ ನಿಂತ. ಎಮಿನೆ ಅವನ ಭಾಷೆಯಲ್ಲಿ ಹೇಳಿದಳು. ಅವನು ಕೈಚೀಲ ನೆಲಕ್ಕಿಟ್ಟ. ಹಿಂದಿನವರು ಅವಸರ ಮಾಡಲಿಲ್ಲ. ಟೋಪಿ ತೆಗೆದು ಎದೆಗೆ ಒತ್ತಿಕೊಂಡು, ಮೈಕಿಗೂ ಸರಿಯಾಗಿ ಕೇಳದಂತೆ ಹೇಳಿದ.

"ಅಂದ್ರೂಲಾ."

ಎಲೆನಿಯ ಕೈಯ ಮೈಕು ಹಾಗೇ ನಿಂತಿತು. ಎಮಿನೆ ಹೆಡ್‌ಫೋನು ತೆಗೆದು ಕೊರಳಿಗೆ ಇಳಿಸಿ, ನನ್ನ ಕಿವಿಯ ಹತ್ತಿರ ಬಂದು, "ಅವನು ನಮ್ಮ ಕಡೆಯವನು. ಆ ಹೆಸರು ಈ ಕಡೆಯವರದು" ಅಂದಳು. ಹೋಟೆಲಿನ ಮುಂದಿದ್ದ ಮುದುಕರ ಮಣಿಸರ ನಿಂತವು. ಡೋಲೂ ಬೀಳಲಿಲ್ಲ.

ಗಂಗಕ್ಕನಿಗೆ ಯಾವ ಹೆಸರು ಯಾವ ಕಡೆಯದು ಅನ್ನುವುದು ಎಲ್ಲಿ ಗೊತ್ತಿರಬೇಕು! ಅವಳಿಗೆ ಗೊತ್ತಿದ್ದದ್ದು, ಕೇಳಿದ ಹೆಸರು ಬಂತು ಅನ್ನುವುದೊಂದೇ. ಮದುವೆ ಮನೆಯಲ್ಲಿ ಕೂಗುವಂತೆ ಗಂಟಲೆತ್ತಿ "ಅಂದ್ರೂಲಾ!" ಎಂದು ಕೂಗಿದಳು. ಮೊದಲು ನಾನು ಕೂಗಿದೆ, ಎಮಿನೆ ಕೂಗಿದಳು, ಎಲೆನಿ ಅಳುತ್ತ ಕೂಗಿದಳು, ಆಮೇಲೆ ಈ ಕಡೆಯವರು ಆ ಕಡೆಯವರು ಎನ್ನದೆ ಇಡೀ ಬೀದಿ ಕೂಗಿತು. ಡೋಲು ಬಿತ್ತು. ಮುದುಕನ ಗಲ್ಲ ಒದ್ದೆಯಾಗಿತ್ತು, ಆದರೂ ಅವನು ಇನ್ನೂ ಅಲ್ಲೇ ನಿಂತಿದ್ದ, ಹೋಗಲೋ ಬೇಡವೋ ಅನ್ನುವಂತೆ.

ಗಂಗಕ್ಕ ಕೈ ಇಳಿಸಿ ಪಕ್ಕಕ್ಕೆ ಸರಿದಳು.

"ಹೆಸರ ಹೇಳಿದ್ರಲ್ಲಾ ಯಜಮಾನ್ರ," ಅಂದಳು. "ಮತ್ಯಾಕ ಹೊರಗ ನಿಂತ್ರಿ? ಒಳಗ ಬರ್ರಿ."